ಇರುವೆಯೂ ನುಗ್ಗದ ಕಪಾಟು

ಊರಿನವರ ಕಣ್ಣಿಗೆಲ್ಲ ಕನ್ನಡಕ ಹಾಕಿ ದಾರಿ ತೋರಿಸುವ ಕನ್ನಡಕದಂಗಡಿಯವರು ಒಂದು ಬೆಳಿಗ್ಗೆ ಭೀಷ್ಮಪ್ರತಿಜ್ಞೆ ಮಾಡಿದರು.

"ಗ್ಯಾರೇಜಿನ ಗೋಡೆಗೆ ನಾನೇ ಒಂದು ಕಪಾಟು ಮಾಡಿ ತೂಗುಹಾಕ್ತೀನಿ. ತೇವದ ಮಾತಿರಲಿ, ಇರುವೆಯೂ ಒಳಗೆ ನುಗ್ಗಬಾರದು!"

ಪ್ರತಿಜ್ಞೆಗೆ ಕಾರಣ ಹೆಂಡತಿ. ಆ ಮನೆಯಲ್ಲಿ ರಿಪೇರಿ ಖಾತೆ ಅವಳದು; ಉಳಿ, ಗರಗಸ, ಸುತ್ತಿಗೆ ಎಲ್ಲವೂ ಅವಳಪ್ಪ ಬಳಸಿ ಬಿಟ್ಟುಹೋದವು. ಅಲ್ಲಿಯ ಹವೆಯೋ, ಡಬ್ಬಿಯೊಳಗಿನ ಉಪ್ಪಿಗೂ ಬೆವರು ಬರುವಂಥದು. ಹೋದ ಮಳೆಗಾಲದಲ್ಲಿ ಇವರು ಗರಗಸವನ್ನು ಗ್ಯಾರೇಜಿನ ನೆಲದ ಮೇಲೆ ಮರೆತು, ಅದು ತುಕ್ಕು ಹಿಡಿದು ಕೂತಿತ್ತು. ಅದನ್ನು ಉಜ್ಜುವಾಗ ಅವಳ ಕಣ್ಣು ತುಂಬಿಕೊಂಡದ್ದನ್ನು ನೋಡಿ ಇವರಿಗೆ ನಿಜಕ್ಕೂ ಸಂಕಟವಾಗಿತ್ತು. ಈಗ ಅಕ್ಕನ ಮನೆಗೆ ಹೊರಟವಳು ಬಾಗಿಲಲ್ಲಿ ನಿಂತು ಮೆತ್ತಗೆ ಹೇಳಿದ್ದಳು: "ಇನ್ನೊಂದಕ್ಕೆ ತುಕ್ಕು ಹಿಡಿದರೆ, ಅಷ್ಟೂ ಸಾಮಾನು ನನ್ನ ತಮ್ಮನ ಮನೆಗೆ ಹೋಗುತ್ತೆ."

ಬಾಮೈದನ ಮುಂದೆ ತಲೆ ತಗ್ಗಿಸುವುದುಂಟೇ? ಕನ್ನಡಕದವರು ಸಲಹೆ ಕೇಳಲು ಹೊರಟರು. ಗಾಳಿಯಾಡದಿದ್ದರೆ ಕೆಟ್ಟಿತು ಎಂದು ಪಕ್ಕದ ಮನೆಯ ಡ್ರೈವರು ಹೇಳಿದರೆ, ಗಾಳಿಯಾಡಿದರೆ ಕೆಟ್ಟಿತು ಎಂದು ಬಣ್ಣದಂಗಡಿಯವನು ಹೇಳಿದ. ಎತ್ತು ಏರಿಗೆ, ಕೋಣ ನೀರಿಗೆ. ಇವರು ತಲೆಬುಡ ತಿಳಿಯದೆ ಎರಡನ್ನೂ ಮಾಡಿದರು. ಕಪಾಟಿಗೂ ಗೋಡೆಗೂ ನಡುವೆ ಮರದ ಪಟ್ಟಿ ಕೊಟ್ಟು ಗಾಳಿಗೆ ಜಾಗ ಬಿಟ್ಟರು. ಬಾಗಿಲನ್ನು ಕೂದಲೂ ತೂರದಷ್ಟು ಬಿಗಿ ಕೂರಿಸಿದರು. ಒಳಗೆ ಬೆಚ್ಚಗಿರಲಿ ಎಂದು ಸಣ್ಣದೊಂದು ಬಲ್ಬು ಹಾಕಿದರು. ನೆಲದ ತೇವ ತಾಗದಿರಲೆಂದು ಕಪಾಟನ್ನು ಆದಷ್ಟು ಎತ್ತರಕ್ಕೇರಿಸಿ, ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಒಳಗಿನಿಂದಲೇ ಗೋಡೆಗೆ ಸ್ಕ್ರೂ ಬಿಗಿದರು. ಸಾಮಾನಿಗೆಲ್ಲ ಎಣ್ಣೆ ಸವರಿ ಒಳಗಿಟ್ಟು ಬಾಗಿಲು ಮುಚ್ಚಿದರು. ಕೊನೆಗೆ ಒಂದು ಹಲಗೆ ಮಿಕ್ಕಿತು. ಒಳ್ಳೆಯ ಕೆಲಸಗಾರನಿಗೆ ಮರ ಮಿಗಲೇಬೇಕು ಎಂದು ಬೀಗಿ, ಅದನ್ನು ಕಾಲಿಡುವ ಮಣೆ ಮಾಡಿಕೊಂಡು ಚಹಾ ಕುಡಿದರು.

ಆಮೇಲೆ ಮಳೆ ಹಿಡಿಯಿತು. ಹೆಂಡತಿ ಬರುವ ದಿನ ಸಾಮಾನಿಗೆಲ್ಲ ಇನ್ನೊಮ್ಮೆ ಎಣ್ಣೆ ಸವರೋಣವೆಂದು ಹೋದರೆ, ತೇವ ಕುಡಿದು ಉಬ್ಬಿದ ಬಾಗಿಲು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಜಗ್ಗಿದರು, ಹಿಡಿ ಕೈಗೆ ಬಂತು. ಬಾಗಿಲನ್ನೇ ಕಳಚೋಣವೆಂದರೆ ಸ್ಕ್ರೂಡ್ರೈವರ್ ಒಳಗಿದೆ. ಕಪಾಟನ್ನೇ ಇಳಿಸೋಣವೆಂದರೆ ಅದರ ಸ್ಕ್ರೂಗಳೂ ಒಳಗಿವೆ. ಪಕ್ಕದ ಮನೆಗೆ ಓಡಿ ಸ್ಕ್ರೂಡ್ರೈವರ್ ಕೇಳಿದರು.

"ನನ್ನದನ್ನ ಕಪಾಟು ಮಾಡೋಕೆ ಅಂತ ನೀವೇ ಒಯ್ದಿರಲ್ಲ ಸ್ವಾಮಿ?" ಎಂದ ಡ್ರೈವರು.

ಹೌದು. ಅದೂ ಒಳಗೇ ಇತ್ತು.

ಕನ್ನಡಕದವರು ಮಣೆಯ ಮೇಲೆ ನಿಂತು ಕಪಾಟನ್ನೇ ದಿಟ್ಟಿಸಿದರು. ತೆರೆಯಲು ಸಾಮಾನು ಬೇಕು, ಸಾಮಾನು ಸಿಗಲು ತೆರೆಯಬೇಕು. ಹಾಗಾದರೆ ಮೊದಲು ಯಾವುದು? ಕಪಾಟಿನ ನೇರ ಮೇಲೆ ಛಾವಣಿಗೆ ಒಂದು ಹಳದಿ ಬೆಳಕು ಬಿದ್ದಿತ್ತು. ಅದೆಲ್ಲಿಂದ ಬಂತೆಂದು ಯೋಚಿಸಲು ಅವರಿಗೆ ಪುರುಸೊತ್ತಿರಲಿಲ್ಲ.

ಅಷ್ಟರಲ್ಲಿ ಬ್ಯಾಗು ಹಿಡಿದ ಹೆಂಡತಿ ಗ್ಯಾರೇಜಿನ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಇವರು ತೊದಲುತ್ತ ಕಥೆಯನ್ನೆಲ್ಲ ಒಪ್ಪಿಸಿದರು. ಅವಳು ಬೈಯಲಿಲ್ಲ. ಛಾವಣಿಯ ಬೆಳಕನ್ನು ನೋಡಿದಳು, ಗಂಡನ ಕಾಲಡಿಯ ಹಲಗೆಯನ್ನು ನೋಡಿದಳು. ಗಂಡನಿಗಿಂತ ಒಂದು ಗೇಣು ಎತ್ತರದವಳು. ಸ್ಟೂಲು ಹತ್ತಿ ಮೇಲಿನಿಂದ ಕೈ ಇಳಿಬಿಟ್ಟು ಉಳಿ ತೆಗೆದಳು, ಗರಗಸ ತೆಗೆದಳು, ಡ್ರೈವರಿನ ಸ್ಕ್ರೂಡ್ರೈವರನ್ನೂ ತೆಗೆದಳು.

"ಬಾಗಿಲು ತೆಗೀದೆ ಎಲ್ಲಿಂದ ತೆಗೆದೆ?"

"ಮೇಲಿಂದ ರೀ. ಈ ಕಪಾಟಿಗೆ ತಲೆಯೇ ಇಲ್ಲ. ಆ ತಲೆಯ ಮೇಲೆ ನೀವು ನಿಂತಿದೀರಿ."

ಕನ್ನಡಕದವರು ಹಲಗೆಯಿಂದ ಕೆಳಗಿಳಿದರು. ಹೆಂಡತಿ ಅಪ್ಪನ ಉಳಿಯನ್ನು ಬೆಳಕಿಗೆ ಹಿಡಿದು ಅಂಗೈ ಮೇಲೆ ಹೊರಳಿಸಿದಳು. ಒಂದು ಚುಕ್ಕೆ ತುಕ್ಕಿಲ್ಲ! ಮುಚ್ಚಳವಿಲ್ಲದ್ದೇ ಒಳ್ಳೆಯದಾಗಿ, ಬಲ್ಬಿನ ಬಿಸಿ ತೇವವನ್ನೆಲ್ಲ ಮೇಲಿನಿಂದ ಓಡಿಸಿತ್ತು. ಅವಳ ಮುಖ ಅರಳಿತು. ಅದನ್ನು ಕಂಡು ಇವರಿಗೆ ಹೋದ ಜೀವ ಬಂದಂತಾಯಿತು.

"ಹಾಗಾದರೆ ಇವು ನಿನ್ನ ತಮ್ಮನ ಮನೆಗೆ ಹೋಗಲ್ಲ ತಾನೆ?"

"ಸಾಮಾನು ಇಲ್ಲೇ ಇರಲಿ," ಎಂದು ಅವಳು ಸ್ಟೂಲಿನಿಂದ ಇಳಿದಳು. "ಮುಂದಿನ ಮಳೆಗಾಲಕ್ಕೆ ನಿಮ್ಮನ್ನ ಅಲ್ಲಿಗೆ ಕಳಿಸ್ತೀನಿ."