ಮೈಲಿಗಲ್ಲಿನ ಮೇಲೆ ಧ್ಯಾನ

ಸೈಕಲ್ ಹತ್ತುವುದನ್ನು ನಾನು ಹದಿನೈದೇ ದಿನದಲ್ಲಿ ಕಲಿತೆ. ಇಳಿಯುವುದನ್ನು ಮಾತ್ರ ಕಲಿತಿರಲಿಲ್ಲ. ಅದೊಂದು ದೊಡ್ಡ ಕೊರತೆಯೆಂದು ಆಗ ನನಗೆ ಅನ್ನಿಸಿರಲೂ ಇಲ್ಲ!

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ನಾನು ಅರಕಲಗೂಡಿನ ಪುಟ್ಟ ಕ್ರೈಸ್ತ ಸಭೆಗೆ ಉಪದೇಶಿ. ಹಾಸನದ ಪಾದ್ರಿಗಳು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ದಿನ ಪ್ರಾರ್ಥನೆ, ಪ್ರಸಂಗ, ಕಾಯಿಲೆಯವರನ್ನು ಕಾಣುವುದು ಎಲ್ಲ ನನ್ನ ಪಾಲಿಗೆ. ನಡೆದು ನಡೆದು ಸವೆದ ನನ್ನ ಚಪ್ಪಲಿ ನೋಡಿ ಪಾದ್ರಿಗಳು ತಮ್ಮ ಹಳೆಯ ಸೈಕಲ್ ದಯಪಾಲಿಸಿದ್ದರು. ಮನೆಯ ಜಗಲಿಯಿಂದ ಹತ್ತುತ್ತಿದ್ದೆ. ಕಟ್ಟೆಯೋ ಮೈಲಿಗಲ್ಲೋ ಸಿಕ್ಕಿದರೆ ಕಾಲೂರಿ ಇಳಿಯುತ್ತಿದ್ದೆ. ಸಿಗದಿದ್ದರೆ, ಸಿಗುವವರೆಗೂ ಹೋಗುತ್ತಿದ್ದೆ. ಪಕ್ಕದ ಬೀದಿಗೆಂದು ಹೊರಟು ಮಲ್ಲಿಪಟ್ಟಣದ ದಾರಿಯಲ್ಲಿ ಮೈಲಿ ದೂರ ಹೋಗಿ ಇಳಿದದ್ದೂ ಉಂಟು!

ಒಂದು ಬೆಳಿಗ್ಗೆ ಕೊಣನೂರಿನಿಂದ ಬಂದ ಬಸ್ಸಿನ ಕಂಡಕ್ಟರ್ ರಂಗ ನಮ್ಮ ಬಾಗಿಲಿಗೆ ಬಂದ.

“ಸಾ, ಕೊಣನೂರ್ ಮಾರ್ತಮ್ಮೋರ್ಗೆ ಕಾಯ್ಲೆ ಬಾಳ ಜಾಸ್ತಿ ಆಗೈತೆ. ನೀವ್ ಬಂದು ಪ್ರಾರ್ಥನೆ ಮಾಡ್ಬೇಕಂತೆ. ಅದೊಂದೇ ಕೇಳ್ತಾವ್ರೆ.”

ಮಾರ್ತಮ್ಮ ನಿವೃತ್ತಿಯಾದ ಸೂಲಗಿತ್ತಿ. ನಮ್ಮ ಇಬ್ಬರು ಮಕ್ಕಳೂ ಹುಟ್ಟಿದ್ದು ಅವರ ಕೈಯಲ್ಲೇ. ಕೊಣನೂರಿಗೆಲ್ಲ ಒಂದೇ ಕ್ರೈಸ್ತ ಮನೆ, ಆ ಮನೆಯಲ್ಲಿ ಅವರೊಬ್ಬರೇ. “ಹೋಗೋ ಹೊತ್ನಲ್ಲಿ ಪ್ರಾರ್ಥನೆ ಹೇಳೋಕೆ ಪಕ್ಕದಲ್ಲಿ ಯಾರೂ ಇಲ್ದಂಗೆ ಆಗ್ಬಾರ್ದು ಕಣಪ್ಪ” ಎಂದು ಹಿಂದೊಮ್ಮೆ ನನ್ನ ಕೈ ಹಿಡಿದಿದ್ದರು. ನಾನಿರ್ತೀನಿ ಎಂದು ಮಾತು ಕೊಟ್ಟಿದ್ದೆ.

“ಹನ್ನೊಂದಕ್ಕೆ ಇದೇ ಬಸ್ ವಾಪಸ್ ಹೋಗುತ್ತಲ್ಲ, ಅದ್ರಲ್ಲೇ ಹೋಗಿ” ಎಂದಳು ನನ್ನ ಹೆಂಡತಿ ಸುಗುಣ.

“ಆ ಇದ್ದಿಲು ಬಸ್ಸಾ? ಏರು ಬಂದ್ರೆ ಕೂತವರೇ ಇಳಿದು ತಳ್ಳಬೇಕು. ಹತ್ತು ಮೈಲಿ ಚಿಲ್ಲರೆ ದಾರಿ. ಹನ್ನೊಂದರೊಳಗೆ ನಾನು ಕೊಣನೂರಲ್ಲಿರ್ತೀನಿ.”

“ಇಳಿಯೋದು?”

“ಮಾರ್ತಮ್ಮನ ಮನೆ ಮುಂದೆ ಜಗಲಿ ಇದೆ!”

ಮೂರು ಮೈಲಿ ಮಹಾರಾಜರ ಸವಾರಿಯಂತೆ ಸಾಗಿತು. ಆಮೇಲೆ ಎಮ್ಮೆಗಳು ಎದುರಾದವು. ಗಂಟೆ ಬಾರಿಸಿದೆ. ಎಮ್ಮೆಗಳು ನಿಂತು ಕೇಳಿಸಿಕೊಂಡವು. ಪಕ್ಕಕ್ಕೆ ತಿರುಗಿಸಿದೆ. ಪಕ್ಕದಲ್ಲಿ ಹಳ್ಳವಿತ್ತು. ಅಂದು ಮೊದಲ ಬಾರಿಗೆ ಕಲ್ಲಿನ ಸಹಾಯವಿಲ್ಲದೆ ಇಳಿದೆ!

ಎಮ್ಮೆ ಕಾಯುವವನು ಓಡಿ ಬಂದ. “ಏನ್ ಸಾ ನೀವು! ಗಬ್ಬದ ಎಮ್ಮೆ, ಎದರ್ಕೊಂಡ್ರೆ ಏನ್ ಗತಿ?” ಎಂದು ಎಮ್ಮೆಯ ಮೈ ಸವರಿದ. ನನ್ನನ್ನು ಯಾರೂ ಸವರಲಿಲ್ಲ.

ಎದ್ದು ನೋಡಿದರೆ ಮುಂದಿನ ಚಕ್ರ ಕೊಣನೂರಿನ ಕಡೆ, ಹ್ಯಾಂಡಲ್ ಅರಕಲಗೂಡಿನ ಕಡೆ. ಪಂಚೆ ಚೈನಿಗೆ ಸಿಕ್ಕಿ, ಹಿಂಬದಿಯಲ್ಲಿ ಸೊಂಟದಿಂದ ಕೆಳಗೆ ಹರಿದುಹೋಗಿತ್ತು. ಗುದ್ದಿ, ಎಳೆದು, ಅಂತೂ ಹ್ಯಾಂಡಲ್ ಸರಿಮಾಡಿ, ಹಳ್ಳದ ದಿಬ್ಬದಿಂದ ಹತ್ತಿ ಹೊರಟೆ. ಸ್ವಲ್ಪ ದೂರಕ್ಕೇ ಜಾಲಿಮುಳ್ಳು ಚುಚ್ಚಿ ಟಯರು ಉಸ್ಸೆಂದಿತು. ನಾನೂ ಉಸ್ಸೆಂದೆ. ಅಲ್ಲಿಂದ ಅದನ್ನು ತಳ್ಳಿಕೊಂಡು ಐದನೆಯ ಮೈಲಿಗಲ್ಲು ತಲುಪಿ, ಅದರ ಮೇಲೆ ಕುಸಿದೆ.

ಅಷ್ಟರಲ್ಲಿ ಹೊಗೆ ಉಗುಳುತ್ತ ಬಸ್ ಬಂದು ನಿಂತಿತು. ಕಿಟಕಿಗಳ ತುಂಬ ಮದುವೆಗೆ ಹೊರಟಿದ್ದ ಹೆಂಗಸರು.

“ಬನ್ನಿ ಸಾ, ಸೈಕಲ್ ಬಸ್ ಮ್ಯಾಲ್ ಆಕ್ಕೊಂತೀನಿ” ಎಂದ ರಂಗ.

ಏಳಬೇಕು. ಎದ್ದರೆ ನನ್ನ ಪಂಚೆಯ ಸ್ಥಿತಿ ಇಡೀ ಬಸ್ಸಿಗೆ ಪ್ರಕಟವಾಗುತ್ತದೆ! ಉಪದೇಶಿಯ ಮಾನ ಹೋದರೆ ಸಭೆಯ ಮಾನ ಹೋದಂತೆ ಎಂದು ಮನಸ್ಸು ವಾದಿಸಿತು. ಚೀಲದಿಂದ ಬೈಬಲ್ ತೆಗೆದು ತೊಡೆಯ ಮೇಲೆ ಬಿಡಿಸಿಕೊಂಡೆ.

“ನೀನು ಹೋಗಪ್ಪ. ನಾನು ಸ್ವಲ್ಪ ಧ್ಯಾನ ಮಾಡಿ ಬರ್ತೀನಿ.”

“ಇಲ್ಲೇನಾ? ಈ ಬಿಸಿಲ್ನಾಗಾ?”

“ಹೂಂ. ಇಲ್ಲೇ.”

ರಂಗ ಕೈ ಮುಗಿದ. ಕಿಟಕಿಯ ಹೆಂಗಸರೂ ಕೈ ಮುಗಿದರು. ಬಸ್ ಹೋಯಿತು.

ಉಳಿದ ದಾರಿಯನ್ನು ನಡೆದೆ. ಕೊಣನೂರು ಸೇರುವಾಗ ಎರಡು ಗಂಟೆ. ಮಾರ್ತಮ್ಮನ ಜಗಲಿಯ ತುಂಬ ಜನ ಕುಳಿತಿದ್ದರು. ಪಕ್ಕದ ಮನೆಯ ಬೆಲ್ಲದ ವ್ಯಾಪಾರಿ ಶಿವಣ್ಣ ಎದ್ದು ಬಂದರು. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು.

“ಓಗ್ಬುಟ್ರು ಸಾ. ಈಗೊಂದ್ ಗಳಿಗೆ ಆಯ್ತು.”

ನಾನು ಸೈಕಲ್ಲನ್ನು ಹಿಡಿದೇ ನಿಂತಿದ್ದೆ.

“ಬಸ್ ಬಂದ್ಮ್ಯಾಲೂ ಒಂದ್ ಗಂಟೆ ಜೀವ ಇಡ್ಕೊಂಡಿದ್ರು. ಉಪದೇಶಿಗಳು ದಾರೀಲಿ ಧ್ಯಾನಕ್ಕೆ ಕೂತವ್ರೆ, ಬತ್ತಾರೆ ಅಂತ ರಂಗ ಏಳ್ದ. ‘ಒಳ್ಳೇದು, ಮುಗಿಸ್ಕೊಂಡೇ ಬರ್ಲಿ’ ಅಂದ್ರು ಮಾರ್ತಮ್ಮೋರು.”

ಎಮ್ಮೆಯೇ ತುಳಿದಿದ್ದರೆ ಚೆನ್ನಾಗಿತ್ತು.

“ಆಮ್ಯಾಕೆ, ಯಾರಾರ ಪ್ರಾರ್ಥನೆ ಏಳ್ರಪ್ಪ ಅಂದ್ರು. ಯಾರ್ಗ್ ಬತ್ತದೆ ಸಾ? ನಮ್ ಮನೆಗೂ ಅವ್ರ್ ಮನೆಗೂ ಒಂದೇ ಗ್ವಾಡೆ. ಇಪ್ಪತ್ ವರ್ಸ ದಿನಾ ಸಂಜೆ ಅವ್ರ್ ಏಳೋದು ಕೇಳಿ ಕೇಳಿ ನಂಗೇ ಬಾಯಿಗ್ ಬಂದೈತೆ. ಕೈ ಇಡ್ಕೊಂಡು ನಾನೇ ಏಳ್ದೆ. ಮ್ಯಾಲಿರೋ ತಂದೇ, ಇವತ್ತಿನ್ ಊಟ ಇವತ್ ಕೊಡು, ನಮ್ ತಪ್ನೆಲ್ಲ ಒಟ್ಟೆಗಾಕ್ಕೋ ಅಂತ... ಒಂದ್ ಕಡೆ ತಪ್ಬುಟ್ಟೆ. ಅವ್ರೇ ನಕ್ಕೊಂಡು ತಿದ್ದುದ್ರು. ಪೂರ್ತಿ ಏಳಿ ಮುಗಿಸ್ದೆ. ಆಮ್ಯಾಕೆ ಅವ್ರು ಮಾತಾಡ್ಲಿಲ್ಲ.”

ಶಿವಣ್ಣ ತಪ್ಪು ಮಾಡಿದವರಂತೆ ದನಿ ತಗ್ಗಿಸಿದರು. “ನಮ್ಮಂತೋರ್ ಏಳುದ್ರೆ ನಿಮ್ ದೇವ್ರಿಗ್ ಸಲ್ತದಾ ಸಾ?”

“ಸಲ್ಲುತ್ತೆ ಶಿವಣ್ಣೋರೆ” ಎಂದೆ.

ನಾನು ಒಳಗೆ ಹೋಗಲು ತಿರುಗಿದಾಗ ಅವರು ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು, “ಸುತ್ಕೊಳಿ ಸಾ” ಎಂದು ಮೆಲ್ಲಗೆ ಕೊಟ್ಟರು. ಜಗಲಿಯ ಮೇಲಿದ್ದವರು ಎಲ್ಲವನ್ನೂ ನೋಡಿದ್ದರು. ಒಬ್ಬರೂ ನಗಲಿಲ್ಲ. ನಾನು ಕಾಪಾಡಿಕೊಂಡ ಮಾನದ ಬೆಲೆ ಇಷ್ಟೇ!

ಮಾರನೆಯ ಬೆಳಿಗ್ಗೆ ಮಣ್ಣು ಮಾಡಿದೆವು. ನಾನು ಓದಬೇಕಾದ್ದನ್ನೆಲ್ಲ ತಪ್ಪಿಲ್ಲದೆ ಓದಿದೆ. ತಿದ್ದುವವರು ಯಾರೂ ಇರಲಿಲ್ಲ.

ಮನೆಗೆ ಬಂದು ಸುಗುಣಳಿಗೆ ಎಲ್ಲವನ್ನೂ ಹೇಳಿದೆ. ಮೈಲಿಗಲ್ಲಿನ ಧ್ಯಾನವನ್ನೂ ಮುಚ್ಚಿಡಲಿಲ್ಲ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು:

“ಶಿವಣ್ಣೋರು ಪ್ರಾರ್ಥನೆ ಪೂರ್ತಿ ಹೇಳಿ ಮುಗಿಸಿದ್ರಾ?”

“ಮುಗಿಸಿದ್ರಂತೆ.”

ಅವಳು ಕಣ್ಣೊರೆಸಿಕೊಂಡಳು.

“ಸದ್ಯ! ನೀವಾಗಿದ್ರೆ ಪೀಠಿಕೆ ಮುಗಿಯೋದ್ರೊಳಗೇ ಆಯಮ್ಮ ಹೊರಟುಬಿಡ್ತಿದ್ರು.”

ಇಪ್ಪತ್ತು ವರ್ಷ ಪ್ರಸಂಗ ಮಾಡಿದವನು ನಾನು. ಆಮೆನ್ ಅನ್ನದೆ ಬೇರೆ ದಾರಿ ಇರಲಿಲ್ಲ.