ಕಾಗದದ ಫಿರಂಗಿ

ಹುಲ್ಲಿನಲ್ಲಿ ಹಣ್ಣಿಗಿಟ್ಟ ಮಾವಿನ ವಾಸನೆ ಮೂಗಿಗೆ ಬಡಿದರೆ ಅನಿಲ್‌ಕುಮಾರನಿಗೆ ಈಗಲೂ ಅಜ್ಜಿಮನೆಯ ಅಟ್ಟ ನೆನಪಾಗಿ ಮೈಮರೆತುಹೋಗುತ್ತದೆ. ಆ ಬೆಳಿಗ್ಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಾಗೆ ಕಣ್ಣುಮುಚ್ಚಿ ನಿಂತಿದ್ದಾಗಲೇ ಕೋತಿಗಳು ಒಂದು ಬುಟ್ಟಿ ಬಾದಾಮಿ ಮಾವನ್ನು ಮಾಡಿನ ಮೇಲಕ್ಕೆ ಸಾಗಿಸಿಬಿಟ್ಟವು.

ಅವತ್ತೇ ಅವನಿಗೆ ರಜೆ ಬೇಕಿತ್ತು. ಬೈರಕೂರಿನಲ್ಲಿ ಸಂಜೆ ತಂಗಿಯ ಸೀಮಂತ. ಬಳೆಯ ಪೊಟ್ಟಣ ಜೇಬಿನಲ್ಲಿತ್ತು. ಹೋಳಿಗೆ ಊಟದ ಆಸೆ ಹೊಟ್ಟೆಯಲ್ಲಿತ್ತು.

"ಇನ್ನೊಂದು ಹಣ್ಣೂ ಹೋಗಬಾರ್ದು. ಹಂಗಾದ್ರೆ ಮಧ್ಯಾಹ್ನದ ಬಸ್ಸಿಗೆ ಹೋಗು," ಎಂದರು ಯಜಮಾನ ಕೋದಂಡರಾಮಪ್ಪ. "ಕಲ್ಲು ಮಾತ್ರ ಹೊಡೀಬ್ಯಾಡ ಕಣೋ, ಆಂಜನೇಯನ ವಂಶ!"

ಪೆಟ್ಟಿಗೆಗೆ ಹಾಸುವ ಹಳೆ ಪೇಪರು ಮಡಚಿ ಮಡಚಿ ಪಳಗಿದ ಕೈ ಅವನದು. ಫೋನಿನಲ್ಲಿ ಕಂಡಿದ್ದ ಜಪಾನಿನ ಕಾಗದದ ಮಡಿಕೆ ನೆನಪಾಯಿತು. ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಮಡಚಿ ಸ್ಪ್ರಿಂಗ್ ಮಾಡಿದ. ಚೌಕದ ಕೊಳವೆ ಮಡಚಿ ಅದರೊಳಗೆ ಸ್ಪ್ರಿಂಗ್ ಅದುಮಿ, ಮೇಲೊಂದು ಕಾಗದದ ಉಂಡೆ ಇಟ್ಟ. ಗೋಂದಿಲ್ಲ, ದಾರವಿಲ್ಲ, ಕಾಗದದ ಫಿರಂಗಿ ಸಿದ್ಧ.

"ಇದೇನ್ಲಾ, ಕೋತಿಗೆ ದೋಣಿ ಮಾಡಿಕೊಡ್ತೀಯಾ?" ಹಣ್ಣು ಆರಿಸುತ್ತಿದ್ದ ಸುನಂದ ನಕ್ಕಳು.

ಅನಿಲ ಬೆರಳು ಸಡಿಲಿಸಿದ. ಟಪ್! ಉಂಡೆ ಪಾರಿವಾಳದ ಮರಿಯಂತೆ ಮೇಲೆದ್ದು, ಮಾಡಿನ ಎತ್ತರಕ್ಕೆ ಹೋಗಿ, ಒಂದು ಕ್ಷಣ ನಿಂತಂತೆ ಮಾಡಿ, ಮೆಲ್ಲಗೆ ಇಳಿಯಿತು.

ತೂಕದವನು ತಕ್ಕಡಿ ಮರೆತ. "ಏಮಿರಾ ಇದಿ, ಇದೇನೋ ಇದು!" ಎಂದು ಆಂಧ್ರದ ಲಾರಿ ಡ್ರೈವರು ಮೂಗಿನ ಮೇಲೆ ಬೆರಳಿಟ್ಟ. ಬರೀ ಕಾಗದಕ್ಕೆ ಇಷ್ಟು ಜೀವ ಎಲ್ಲಿಂದ ಬಂತೆಂದು ಯಜಮಾನರೂ ಕನ್ನಡಕ ಒರೆಸಿಕೊಂಡರು. ಮಾಡಿನ ಮೇಲೆ ಕೋತಿಗಳು ಸಾಲಾಗಿ, ಹರಿಕಥೆಗೆ ಬಂದವರ ಹಾಗೆ ಕೈಕಟ್ಟಿ ಕೂತಿದ್ದವು. ಒಂದಾದರೂ ಹೆದರಿರಲಿಲ್ಲ. ಒಂದಾದರೂ ಹಣ್ಣಿನತ್ತ ನೋಡಲಿಲ್ಲ.

ಮಧ್ಯಾಹ್ನದವರೆಗೆ ಅನಿಲ ಹಾರಿಸುತ್ತಲೇ ಇದ್ದ, ಒಂದು ಹಣ್ಣೂ ಹೋಗಲಿಲ್ಲ. ಬಸ್ಸು ಬಂತು. ಅನಿಲ ಗೆದ್ದವನಂತೆ ಫಿರಂಗಿ ಕೆಳಗಿಟ್ಟ.

ಕೋತಿಗಳು ತಕ್ಷಣ ಕೆಳಗಿಳಿದವು.

ಅವನು ಮತ್ತೆ ಎತ್ತಿಕೊಂಡ. ಟಪ್! ಅವು ಹತ್ತಿ ಕೂತವು. ಇಟ್ಟ, ಇಳಿದವು. ಸುನಂದ ಹಾರಿಸಿ ನೋಡಿದಳು. ಉಂಡೆ ಅವಳ ಕಾಲಿಗೇ ಬಿತ್ತು, ಕೋತಿಗಳು ಎದ್ದೇಬಿಟ್ಟವು.

"ನಿನ್ನ ಕೈಗುಣಾನೇ ಬೇರೆ ಅನಿಲಾ!" ಯಜಮಾನರು ಕಣ್ತುಂಬಿ ಬೆನ್ನು ತಟ್ಟಿದರು. "ಸೀಸನ್ ಮುಗಿಯೋ ಗಂಟ ನಿಂಗೆ ಇದೇ ಕೆಲ್ಸ. ರಜೆ ಗಿಜೆ ಕೇಳ್ಬ್ಯಾಡ!"

ಗೇಟಿನಲ್ಲಿ ಬಾಯಿಬಿಟ್ಟು ನೋಡುತ್ತಿದ್ದ, ಸೀಮಂತದ ಸುದ್ದಿ ಗೊತ್ತಿದ್ದ ಬೈರಕೂರು ಬಸ್ಸಿನ ಕಂಡಕ್ಟರು ಒಳಗೆ ಬಂದು, "ಬಳೆ ಕೊಡಪ್ಪ, ತಂಗಿ ಕೈಗೇ ಮುಟ್ಟಿಸ್ತೀನಿ," ಎಂದು ಪೊಟ್ಟಣ ತೆಗೆದುಕೊಂಡ. ಬಸ್ಸು ಹೊರಟಿತು. ಹೋಳಿಗೆಯೂ ಅದರ ಜೊತೆಗೇ ಹೋಯಿತು.

ಟಪ್. ಟಪ್.

ಕಸ ಗುಡಿಸುವ ದೊಡ್ಡಮುನಿಯಮ್ಮ ಹತ್ತಿರ ಬಂದಳು. ಮಾಡಿನ ಮೇಲಿನವರಿಗೆ ಕಾಣದ ಹಾಗೆ ಸೆರಗು ಮರೆಮಾಡಿ, ಅವನ ಎಡಗಡೆಗೆ ತನ್ನ ಮುದ್ದೆ, ಸೊಪ್ಪಿನ ಸಾರಿನ ಡಬ್ಬಿ ಸರಿಸಿದಳು.