ಹಿತ್ತಲಿನ ಐಸೋಲ್ಯೂಸಿನ್

ನಮ್ಮ ದೊಡ್ಡಪ್ಪನ ಕಣ್ಣಿಗೆ ಬಿದ್ದ ಯಾವ ಗಿಡವೂ ತನ್ನಿಷ್ಟದ ಆಕಾರದಲ್ಲಿ ಬಾಳಿದ್ದಿಲ್ಲ! ನಮ್ಮ ಹೆತ್ತೂರಿನ ಕಡೆ ಕಾಫಿ ಗಿಡಕ್ಕೆ ಕಸಿ ಮಾಡುವುದೆಂದರೆ, ಬೇಡದ ಚಿಗುರು, ಕೊಂಬೆಗಳನ್ನು ಸವರಿ ಗಾಳಿ ಬೆಳಕು ಆಡುವಂತೆ ಮಾಡುವುದು. ಎಲ್ಲರೂ ಅದನ್ನು ಕುಯ್ಲು ಮುಗಿದ ಮೇಲೆ ತೋಟದಲ್ಲಿ ಮಾಡುತ್ತಾರೆ. ದೊಡ್ಡಪ್ಪನಿಗೆ ಕಾಲವೂ ಇಲ್ಲ, ತೋಟವೇ ಆಗಬೇಕೆಂದೂ ಇಲ್ಲ. ಒಮ್ಮೆ ಆಲೂರಿನ ಒಂದು ಕಚೇರಿಗೆ ಹೋದವರು, ಸಾಹೇಬರು ಬರುವುದು ತಡವಾಯಿತೆಂದು ಬಾಗಿಲ ಬಳಿಯ ಕ್ರೋಟನ್ ಗಿಡಕ್ಕೆ ಕತ್ತರಿ ಹಾಕಿದರು. ಸಾಹೇಬರು ಬರುವಷ್ಟರಲ್ಲಿ ಕುಂಡದಲ್ಲಿ ಉಳಿದದ್ದು ಎರಡು ಕಡ್ಡಿ.

"ಏನ್ರೀ ಇದು!"

"ಉಸ್ರು ಕಟ್ಟಿತ್ತು ಸ್ವಾಮಿ. ಈಗ ನೋಡಿ, ಆರಾಮಾಗೈತೆ."

ಗಿಡ ಆರಾಮಾಗಿತ್ತೋ ಏನೋ, ಹೋದ ಕೆಲಸವಂತೂ ಅಂದು ಆಗಲಿಲ್ಲ.

ಇಂಥವರ ಮನೆಗೆ ನಾನು ಬಯೋಕೆಮಿಸ್ಟ್ರಿ ನೋಟ್‌ಬುಕ್ ತಂದಿಟ್ಟೆನಲ್ಲ, ನನಗೆ ಬುದ್ಧಿ ಬೇಡವೇ? ನನ್ನನ್ನು ಸಾಕಿ ಓದಿಸಿದವರು ದೊಡ್ಡಪ್ಪ, ದೊಡ್ಡಮ್ಮನೇ. ಹಾಸನದ ಹಾಸ್ಟೆಲ್ಲಿಂದ ರಜೆಗೆ ಬಂದಿದ್ದೆ. ಇಪ್ಪತ್ತು ಅಮೈನೋ ಆಮ್ಲಗಳ ರಚನೆಯನ್ನು ಬಾಯಿಪಾಠ ಮಾಡಬೇಕಿತ್ತು. ಪೆನ್ಸಿಲ್ಲಿನಲ್ಲಿ ಎಲ್ಲವನ್ನೂ ಬರೆದಿಟ್ಟು ರೊಟ್ಟಿ ತಿನ್ನಲು ಒಳಗೆ ಹೋದೆ. ವಾಪಸು ಬಂದು ಕೂತು ಉರುಹೊಡೆದೆ. ಕಾಲೇಜಿನ ಟೆಸ್ಟಿನಲ್ಲಿ ಹಾಗೇ ಬರೆದೆ. ವೇಲಿನ್ ಎಂಬ ಆಮ್ಲಕ್ಕೆ ನಾನು ಬರೆದ ರಚನೆಯ ಪಕ್ಕದಲ್ಲಿ ಮೇಡಂ ಕೆಂಪು ಪೆನ್ನಿನಲ್ಲಿ ಬರೆದಿದ್ದರು: "ಇಂಥದ್ದು ಇಪ್ಪತ್ತರಲ್ಲಿ ಇಲ್ಲ!"

ಮನೆಗೆ ಬಂದು ನೋಟ್‌ಬುಕ್ ನೋಡಿದರೆ ವೇಲಿನ್ನಿನ ಒಂದು ಕವಲಿದ್ದ ಜಾಗದಲ್ಲಿ ರಬ್ಬರಿನಲ್ಲಿ ಉಜ್ಜಿದ ಗುರುತು.

"ಒಂದೇ ಜಾಗದಲ್ಲಿ ಎರಡು ಕವಲು ಹೊಡ್ದಿತ್ತು ಕಣವ್ವ," ಎಂದರು ದೊಡ್ಡಪ್ಪ. "ಒಂದನ್ನ ತೆಗ್ದೆ. ಇನ್ನೊಂದಾದ್ರೂ ಬಲೀಲಿ ಅಂತ."

ಅದು ಸಾಲದೆಂಬಂತೆ ಲ್ಯೂಸಿನ್ ಇರಬೇಕಾದಲ್ಲಿ ಐಸೋಲ್ಯೂಸಿನ್ ಬರೆದಿದ್ದೆ. ಅದು ಮಾತ್ರ ನನ್ನದೇ ಸ್ವಂತ ಸಾಧನೆ! ಟೆಸ್ಟಿನಲ್ಲಿ ಫೇಲು. ದೊಡ್ಡ ಪರೀಕ್ಷೆಯಲ್ಲೂ ಹೀಗಾದರೆ ಒಂದು ವರ್ಷ ಮಣ್ಣುಪಾಲು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ, ಆಮೇಲೆ ಅತ್ತೆ. ದೊಡ್ಡಪ್ಪ ಎದ್ದು ಹೋದರು.

ಮರುದಿನ ಬೆಳಗ್ಗೆ ಅವರೇ ಬಂದು ಕೇಳಿದರು. "ಅದ್ಯಾವ್ದೋ ಎರಡು ಅದಲು ಬದಲು ಆಯ್ತದೆ ಅಂದ್ಯಲ್ಲ, ಏನವ್ವ ಅದು?"

ಹೇಳಿದೆ. ಕಾಂಡ ಎರಡಕ್ಕೂ ಒಂದೇ, ಪಕ್ಕದ ಕೊಂಬೆಯಷ್ಟೇ ಬೇರೆ. ಎರಡರ ಕೊಂಬೆಯಲ್ಲೂ ನಾಲ್ಕೇ ಕಾರ್ಬನ್. ಲ್ಯೂಸಿನ್ ಎರಡನೆಯ ಕಾರ್ಬನ್ನಿನಲ್ಲಿ ಸಮನಾಗಿ ಕವಲೊಡೆಯುತ್ತದೆ. ಐಸೋಲ್ಯೂಸಿನ್ ಮೊದಲನೆಯದರಲ್ಲೇ ಒಡೆಯುತ್ತದೆ, ಒಂದು ಕವಲು ಗಿಡ್ಡ, ಇನ್ನೊಂದು ಉದ್ದ.

"ಇಷ್ಟೇಯಾ? ಇದ್ಕೆ ಅತ್ಯಾ?"

ಹಿತ್ತಲಿಗೆ ಎಳೆದುಕೊಂಡು ಹೋದರು. ಅಕ್ಕಪಕ್ಕದ ಎರಡು ಕಾಫಿ ಗಿಡಗಳಲ್ಲಿ ಒಂದೊಂದೇ ಕೊಂಬೆ ಉಳಿಸಿ, ಗೆಣ್ಣಿಗೊಂದು ಕಾರ್ಬನ್ ಲೆಕ್ಕದಲ್ಲಿ ಸವರಿಬಿಟ್ಟರು. ನನ್ನ ಕಣ್ಣೆದುರಿಗೇ ಲ್ಯೂಸಿನ್, ಐಸೋಲ್ಯೂಸಿನ್! ಆದರೆ ಗಿಡ ಸುಮ್ಮನಿರುತ್ತದೆಯೇ? ಚಿಗುರುತ್ತದೆ. ಪರೀಕ್ಷೆ ಮುಗಿಯುವ ತನಕ ದಿನಾ ಬೆಳಗ್ಗೆ ಹೆಚ್ಚುವರಿ ಕಾರ್ಬನ್ನುಗಳನ್ನು ಚಿವುಟಿ ಹಾಕುವುದೇ ಅವರಿಗೆ ಕೆಲಸವಾಯಿತು.

ಆ ಬೋಳು ಗಿಡಗಳನ್ನು ಕಂಡು ಪಕ್ಕದ ತೋಟದವರು ಬೇಲಿಯಾಚೆಯಿಂದ ನಕ್ಕರು. "ಏನ್ ಮಾರಾಯ, ಕಸಿ ಮಾಡೋದೇ ಮರ್ತ್‌ಬುಟ್ಟಾ?" ಸುತ್ತಲ ಊರಿಗೆಲ್ಲ ಕಸಿ ಹೇಳಿಕೊಟ್ಟ ಮನುಷ್ಯನಿಗೆ ಈ ಮಾತು! ದೊಡ್ಡಪ್ಪ ಮೀಸೆಯಡಿಯಲ್ಲೇ ಏನೋ ಗೊಣಗಿಕೊಂಡರು.

ಪರೀಕ್ಷೆಯಲ್ಲಿ ಐಸೋಲ್ಯೂಸಿನ್ ಬಂದೇ ಬಂತು. ಕಣ್ಣು ಮುಚ್ಚಿ ಒಂದು ಸಲ ಹಿತ್ತಲಿಗೆ ಹೋಗಿ ಬಂದೆ. ಪಾಸಾದೆ.

ಈಗ ಹಾಸನದ ಒಂದು ಲ್ಯಾಬಿನಲ್ಲಿ ಕೆಲಸ. ಮೊನ್ನೆ ಊರಿಗೆ ಹೋದಾಗ ತೋಟವೆಲ್ಲ ಕಸಿಯಾಗಿ ಅಚ್ಚುಕಟ್ಟಾಗಿತ್ತು. ಹಿತ್ತಲಿನ ಆ ಎರಡು ಗಿಡ ಮಾತ್ರ ಹಾಗೇ ನಿಂತಿದ್ದವು, ನಾಲ್ಕು ಗೆಣ್ಣಿಗೆ ಒಂದೂ ಹೆಚ್ಚಿಲ್ಲ.

"ದೊಡ್ಡಪ್ಪ, ನಾನು ಪಾಸಾಗಿ ಮೂರು ವರ್ಷ ಆಯ್ತಲ್ಲ! ಇವನ್ನ ಇನ್ನಾದ್ರೂ ಬೆಳೆಯೋಕೆ ಬಿಡಿ. ಜನ ನಗ್ತಾರೆ."

ಅವರು ನನ್ನ ಮುಖ ನೋಡಲಿಲ್ಲ. ಐಸೋಲ್ಯೂಸಿನ್ನಿನ ತುದಿಯಲ್ಲಿ ಆಗತಾನೇ ಇಣುಕಿದ್ದ ಚಿಗುರೊಂದನ್ನು ಚಿವುಟಿದರು.

"ನಗ್ಲಿ ಬುಡವ್ವ. ನಿಂಗೆ ಮರ್ತೋದ್ರೆ, ಬಂದು ನೋಡ್ಕಂಡ್ ಹೋಗಕ್ಕೆ ಒಂದು ಗುರ್ತು ಬೇಕಲ್ಲ."

ಈ ಜನ್ಮದಲ್ಲಿ ಐಸೋಲ್ಯೂಸಿನ್ ನಾನು ಮರೆಯುವುದುಂಟೇ?

"ಹೌದು ದೊಡ್ಡಪ್ಪ," ಎಂದೆ. "ಆಗಾಗ ಮರ್ತೇ ಹೋಗುತ್ತೆ."